ಓದಿನ ಋಣ, ಓದಿನ ವೇತನ

ಬೆಂಗಳೂರಿನ ಹೊಸೂರು ರಸ್ತೆಯ ಮೇಲೆ 2025ರ ಆಗಸ್ಟ್‌ನಿಂದ ಓಡುತ್ತಿರುವ ಹಳದಿ ಮಾರ್ಗದ ಮೆಟ್ರೊದಲ್ಲಿ ಒಂದು ನಿಲ್ದಾಣದ ಹೆಸರು ‘ಇನ್ಫೊಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ’. ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಿಗೆ ಹೋಗುವವರು ಇಲ್ಲಿ ಇಳಿಯುತ್ತಾರೆ. ಅವಸರದಲ್ಲಿ ಯಾರೂ ಈ ಹೆಸರನ್ನು ಬಿಡಿಸಿ ಓದುವುದಿಲ್ಲ. ಓದಿದರೆ ಅದರಲ್ಲಿ ಎರಡು ಕಾಲದ ಎರಡು ದತ್ತಿಗಳು ಅಕ್ಕಪಕ್ಕ ಕುಳಿತಿರುವುದು ಕಾಣುತ್ತದೆ. ಫೌಂಡೇಶನ್ ಎಂದರೆ ಕಂಪನಿಯೊಂದು ತನ್ನ ಲಾಭದ ಪಾಲನ್ನು ಸಮಾಜದ ಕೆಲಸಕ್ಕೆಂದು ತೆಗೆದಿಟ್ಟು ಕಟ್ಟಿದ ಸಂಸ್ಥೆ. ಅಗ್ರಹಾರವೆಂದರೆ ಅರಸರು ವೇದ ಶಾಸ್ತ್ರ ಬಲ್ಲ ಬ್ರಾಹ್ಮಣರಿಗೆ ತೆರಿಗೆಯಿಲ್ಲದೆ ಬಿಟ್ಟುಕೊಟ್ಟ ಊರು.

ಊರಿನ ಇನ್ನೊಂದು ದಿಕ್ಕಿನಲ್ಲಿಯೂ ಇದೇ ಕಥೆ. ವೈಟ್‌ಫೀಲ್ಡಿನ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ನಿಂತಿರುವ ನೆಲದ ಹೆಸರು ಪಟ್ಟಂದೂರು ಅಗ್ರಹಾರ. ಕಂಪ್ಯೂಟರಿನ ಕೆಲಸ ನಡೆಯುವ ಎರಡು ದೊಡ್ಡ ಕೇಂದ್ರಗಳೂ ಅಗ್ರಹಾರದ ಹೆಸರು ಹೊತ್ತ ಹಳ್ಳಿಗಳಲ್ಲೇ ತಲೆಯೆತ್ತಿರುವುದು ಆಕಸ್ಮಿಕವಿರಬಹುದು. ಆದರೆ ಓದುವವರನ್ನು ಸಾಕುವುದು ಯಾರ ಹೊಣೆ ಎಂಬ ಪ್ರಶ್ನೆ ಆ ಹೆಸರುಗಳಷ್ಟೇ ಹಳೆಯದು. ಎಂಜಿನಿಯರಿಂಗ್ ಓದಲು ಹೊರಟ ಬಡವರ ಮನೆಯ ಹುಡುಗ ಅಥವಾ ಹುಡುಗಿಗೆ ಇಂದು ಆ ಪ್ರಶ್ನೆ ಪ್ರತಿ ಜೂನ್ ತಿಂಗಳಿನಲ್ಲೂ ಎದುರಾಗುತ್ತದೆ.

ಊರು ಹೊತ್ತ ಖರ್ಚು

ಎಲ್ಲ ಅಗ್ರಹಾರಗಳಲ್ಲೂ ಪಾಠಶಾಲೆ ನಡೆಯುತ್ತಿತ್ತೆಂದು ಹೇಳಲಾಗದು. ನಡೆಯುತ್ತಿದ್ದ ಕಡೆ ಏರ್ಪಾಡು ಹೇಗಿತ್ತೆಂಬುದಕ್ಕೆ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿ ಶಾಸನ ಒಳ್ಳೆಯ ಸಾಕ್ಷಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ವಿದ್ಯಾಶಾಲೆಯ ವಿವರ ಅದರಲ್ಲಿದೆ. ಕಾಲ ಕ್ರಿ.ಶ. 945. ಬೇರೆ ಬೇರೆ ದೇಶಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ಓದುತ್ತಿದ್ದರು. ಅವರು ತಂಗಲು 27 ಮನೆ, ರಾತ್ರಿ ಓದುವ ದೀಪದ ಎಣ್ಣೆಗೆ ಪ್ರತ್ಯೇಕ ಭೂಮಿ, ಗುರುಗಳ ಜೀವನಕ್ಕೆ ಇನ್ನಷ್ಟು ಭೂಮಿ ಎಂದು ದತ್ತಿಗಳು ಬಿಟ್ಟಿದ್ದವು. ಇದಕ್ಕಿಂತ ಸ್ವಾರಸ್ಯದ ಸಂಗತಿ ಎಂದರೆ ಊರಿನವರೂ ಇದರಲ್ಲಿ ಪಾಲು ಕೊಡುತ್ತಿದ್ದರು. ಮನೆಯಲ್ಲಿ ಮದುವೆಯಾದರೆ ಶಾಲೆಗೆ ಇಷ್ಟು ಹಣ, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಅದರಲ್ಲೂ ಅರ್ಧ ಎಂದು ಕಟ್ಟಳೆಯಾಗಿತ್ತು. ಓದುವ ಮಕ್ಕಳ ಅನ್ನ ದೀಪಗಳ ಖರ್ಚನ್ನು ಊರು ತನ್ನ ಶುಭಕಾರ್ಯಗಳ ಲೆಕ್ಕಕ್ಕೆ ಸೇರಿಸಿಕೊಂಡಿತ್ತು.

ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಅಗ್ರಹಾರದ ವಿದ್ಯೆ ಹುಟ್ಟಿನ ಮೇಲೆ ನಿಂತದ್ದು. ಹೊಲ ಉತ್ತು ಆ ದತ್ತಿಗೆ ಧಾನ್ಯ ಅಳೆದವನ ಮಗ ಅಲ್ಲಿ ಓದುವಂತಿರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ದೂರವೇ ಉಳಿಯಿತು.

ಅಗ್ರಹಾರಗಳ ವೈಭವ ಅಳಿದ ಮೇಲೂ ಓದುವವರಿಗೆ ಊಟ ಹಾಕುವ ರೂಢಿ ಉಳಿಯಿತು. ಅದೇ ವಾರಾನ್ನ. ಹಳ್ಳಿಯಿಂದ ಪೇಟೆಗೆ ಬಂದ ಹುಡುಗ ಏಳು ಮನೆ ಗೊತ್ತುಮಾಡಿಕೊಂಡು ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದ. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಕನ್ನಡದ ಎಷ್ಟೋ ಹಿರಿಯರ ಆತ್ಮಕಥೆಗಳಲ್ಲಿ ವಾರಾನ್ನದ ನೆನಪು ಬರುತ್ತದೆ. ಅದರಲ್ಲಿ ಕೃತಜ್ಞತೆಯೂ ಇದೆ, ಪರರ ಮನೆಯ ಜಗಲಿಯಲ್ಲಿ ಎಲೆಗಾಗಿ ಕಾದ ಸಂಕೋಚವೂ ಇದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೇರೆ ಬೇರೆ ಸಮುದಾಯಗಳು ಪಟ್ಟಣಗಳಲ್ಲಿ ಕಟ್ಟಿದ ಉಚಿತ ವಿದ್ಯಾರ್ಥಿನಿಲಯಗಳು ಈ ಸಂಕೋಚವನ್ನು ಕಳೆಯಲು ಹೊರಟವು. ತುಮಕೂರಿನ ಸಿದ್ಧಗಂಗಾ ಮಠದ ದಾಸೋಹ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ ಕೊಟ್ಟಿತು. ಆ ಮಠದ ಆಶ್ರಯದಲ್ಲೇ 1963ರಲ್ಲಿ ಎಂಜಿನಿಯರಿಂಗ್ ಕಾಲೇಜೂ ಬಂತು.

ಮೈಸೂರಿನ ಹಣ, ಮುಂಬಯಿಯ ಕೆಲಸ

ಕರ್ನಾಟಕದಲ್ಲಿ ಎಂಜಿನಿಯರಿಂಗ್ ಓದಿಗೆ ಸರ್ಕಾರ ಕೊಟ್ಟ ಸಹಾಯದ ಮಾತು ಬಂದರೆ ಮೊದಲು ನೆನಪಾಗುವವರು ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಮುದ್ದೇನಹಳ್ಳಿಯ ಈ ಹುಡುಗ ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿಕೊಂಡ. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದ ಮೇಲೆ ಮುಂದೆ ಓದಲು ಕೈಯಲ್ಲಿ ಹಣವಿರಲಿಲ್ಲ. ಆಗ ಮೈಸೂರು ಸರ್ಕಾರ ಕೊಟ್ಟ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಸೇರಿ 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಓದಿಸಿದ್ದು ಮೈಸೂರು, ಆದರೆ 1884ರಲ್ಲಿ ಅವರು ಕೆಲಸಕ್ಕೆ ಸೇರಿದ್ದು ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ. ಮೈಸೂರಿಗೆ ಅವರು ಮುಖ್ಯ ಎಂಜಿನಿಯರಾಗಿ ಬಂದದ್ದು 1909ರಲ್ಲಿ. ಕೊಟ್ಟ ಹಣ ಕೊಟ್ಟವರ ಮನೆಗೆ ಮರಳಲು ಇಪ್ಪತ್ತೈದು ವರ್ಷ ಹಿಡಿಯಿತು. ಮರಳಿ ಬಂದಾಗ ಅದು ಎಷ್ಟು ಪಟ್ಟು ಬೆಳೆದಿತ್ತೆಂದು ಹೇಳಬೇಕಾಗಿಲ್ಲ. 1912ರಲ್ಲಿ ದಿವಾನರಾದ ಅವರು 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದರು. ತಮ್ಮಂತೆ ಪುಣೆಗೋ ಮದರಾಸಿಗೋ ಅಲೆಯಬೇಕಾಗಿದ್ದ ಹುಡುಗರಿಗೆ ಮನೆಯ ಹತ್ತಿರವೇ ಕಾಲೇಜು ಸಿಕ್ಕಿತು. ಓದಿಗೆ ಹಣ ಕೊಡುವುದು ಎಷ್ಟು ಮುಖ್ಯವೋ, ಓದಲು ದೂರ ಹೋಗಬೇಕಾದ ಖರ್ಚನ್ನು ತಪ್ಪಿಸುವುದೂ ಅಷ್ಟೇ ಮುಖ್ಯ.

ವಿದ್ಯಾರ್ಥಿವೇತನಕ್ಕೆ ಕರಾರು ಹಾಕುವ ಪದ್ಧತಿಯೂ ಹಳೆಯದೇ. ಜಮ್‌ಶೇಟ್‌ಜಿ ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ನಿಧಿ ವಿದೇಶಕ್ಕೆ ಓದಲು ಹೋಗುವವರಿಗೆ ಕೊಡುತ್ತಿದ್ದುದು ಸಾಲದ ರೂಪದ ನೆರವು. ಓದು ಮುಗಿದು ಸಂಪಾದನೆ ಶುರುವಾದ ಮೇಲೆ ಅದನ್ನು ತೀರಿಸಬೇಕು. ಹಾಗೆ ತೀರಿಸಿದ ಹಣದಲ್ಲಿ ಮುಂದಿನವರು ಓದಬೇಕು. ತುಮಕೂರಿನಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ ಲಂಡನ್ನಿನಲ್ಲಿ ಓದಿದ್ದು ಈ ನಿಧಿಯ ನೆರವಿನಿಂದ.

ಕೇಳಿ ಪಡೆದ ಹಕ್ಕು

ಕರಾರಿನ ಕಷ್ಟವನ್ನು ಚೆನ್ನಾಗಿ ಉಂಡವರು ಡಾ. ಬಿ.ಆರ್. ಅಂಬೇಡ್ಕರ್. 1913ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಮರಳಿದ ಮೇಲೆ ಹತ್ತು ವರ್ಷ ಬರೋಡ ಸಂಸ್ಥಾನದ ಸೇವೆ ಮಾಡಬೇಕೆಂಬುದು ಒಪ್ಪಂದ. 1917ರಲ್ಲಿ ಅವರು ಬರೋಡಕ್ಕೆ ಹೋದಾಗ ಅಸ್ಪೃಶ್ಯರೆಂಬ ಕಾರಣಕ್ಕೆ ಇರಲು ಒಂದು ಕೋಣೆಯೂ ಸಿಗಲಿಲ್ಲ. ಕೆಲವೇ ದಿನಗಳಲ್ಲಿ ಊರು ಬಿಡಬೇಕಾಯಿತು. ಓದಿಸಲು ಅರಸರಿದ್ದರು, ಓದಿದವನಿಗೆ ಮನೆ ಕೊಡುವ ಸಮಾಜವಿರಲಿಲ್ಲ.

ಇದಾದ ಇಪ್ಪತ್ತೈದು ವರ್ಷಗಳ ಮೇಲೆ, 1942ರಲ್ಲಿ, ವೈಸ್‌ರಾಯ್ ಮಂಡಲಿಯ ಸದಸ್ಯರಾಗಿದ್ದ ಅಂಬೇಡ್ಕರರು ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ಬಗ್ಗೆ ಒಂದು ಮನವಿ ಸಲ್ಲಿಸಿದರು. ಅದರಲ್ಲಿ ಅವರು ವಿಶೇಷವಾಗಿ ಕೇಳಿದ್ದು ವಿಜ್ಞಾನ ಮತ್ತು ತಂತ್ರಜ್ಞಾನದ ಓದಿಗೆ ಹಣ. ಕಲೆ, ಕಾನೂನುಗಳ ಓದು ಹೇಗಾದರೂ ನಡೆದೀತು, ದುಬಾರಿಯಾದ ತಾಂತ್ರಿಕ ಶಿಕ್ಷಣ ಸರ್ಕಾರದ ನೆರವಿಲ್ಲದೆ ಈ ಮಕ್ಕಳಿಗೆ ಎಟುಕದು ಎಂಬುದು ಅವರ ವಾದ. ಸರ್ಕಾರ ಮೂರು ಲಕ್ಷ ರೂಪಾಯಿ ಒದಗಿಸಿತು. 1944ರಲ್ಲಿ ಶುರುವಾದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಮೂಲ ಇಲ್ಲಿದೆ. ಎಂಬತ್ತು ವರ್ಷ ದಾಟಿದ ಈ ಯೋಜನೆ ಇಂದೂ ದೇಶದ ಅತಿ ದೊಡ್ಡ ವಿದ್ಯಾರ್ಥಿವೇತನಗಳಲ್ಲಿ ಒಂದು. ಇದರಲ್ಲಿ ಕರಾರು ಪತ್ರವಿಲ್ಲ. ನಿಯಮಕ್ಕೆ ಒಳಪಟ್ಟವರಿಗೆಲ್ಲ ಸಿಗಬೇಕಾದದ್ದು ಇದು, ಯಾರ ಕೃಪೆಯೂ ಅಲ್ಲ.

ಮೈಸೂರಿನಲ್ಲಿ ಈ ದಿಕ್ಕಿನ ಯೋಚನೆ ಮೊದಲೇ ಆರಂಭವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನೇಮಿಸಿದ ಲೆಸ್ಲಿ ಮಿಲ್ಲರ್ ಸಮಿತಿ ಹಿಂದುಳಿದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲನ್ನು ಶಿಫಾರಸು ಮಾಡಿದ್ದರ ಜೊತೆಗೆ ಅವರ ಓದಿಗೆ ನೆರವನ್ನೂ ಸೂಚಿಸಿತು. ಹುದ್ದೆಗಳ ವಿಷಯದಲ್ಲಿ ವಿಶ್ವೇಶ್ವರಯ್ಯನವರಿಗೆ ಬೇರೆ ಅಭಿಪ್ರಾಯವಿತ್ತು. ಅದೇ ವರ್ಷ ಅವರು ದಿವಾನಗಿರಿ ಬಿಟ್ಟರು. ವಿದ್ಯಾರ್ಥಿವೇತನದಿಂದಲೇ ಮೇಲೆ ಬಂದ ಮಹಾನುಭಾವರೊಬ್ಬರು ಮತ್ತು ಅವಕಾಶವೇ ಸಿಗದವರ ಪರ ನಿಂತ ಅರಸರ ನಡುವಿನ ಆ ಭಿನ್ನಾಭಿಪ್ರಾಯ ಇಂದಿಗೂ ಬೇರೆ ಬೇರೆ ರೂಪದಲ್ಲಿ ನಮ್ಮ ನಡುವೆ ಇದೆ. ಪ್ರತಿಭೆಗೆ ಕೊಡಬೇಕೆ, ಅಗತ್ಯಕ್ಕೆ ಕೊಡಬೇಕೆ?

ಫ್ರೀ ಸೀಟಿನ ಕಾಲ

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬೆಂಗಳೂರಿನ ಸುತ್ತ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಬಂದವು. ಅವುಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಕಾರ್ಖಾನೆಗಳು ಪೀಣ್ಯದಲ್ಲಿ ಬೆಳೆದವು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಎಂಜಿನಿಯರುಗಳಿಗೆ ಬೇಡಿಕೆ ಏರಿತು. ಅದರ ಬೆನ್ನಿಗೇ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳೂ ಕ್ಯಾಪಿಟೇಶನ್ ಶುಲ್ಕವೂ ಬಂದವು. 1984ರಲ್ಲಿ ರಾಜ್ಯ ಇದನ್ನು ನಿಷೇಧಿಸಿ ಕಾನೂನು ಮಾಡಿತು. ಕರ್ನಾಟಕದ ಪ್ರಕರಣವೊಂದರಲ್ಲಿ 1992ರಲ್ಲಿ ಸುಪ್ರೀಂ ಕೋರ್ಟು ಕ್ಯಾಪಿಟೇಶನ್ ಶುಲ್ಕವನ್ನು ಖಂಡಿಸಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಹೊಸ ವ್ಯವಸ್ಥೆಯನ್ನೇ ರೂಪಿಸಿತು.

ಆ ವ್ಯವಸ್ಥೆ ಸರಳವಾಗಿತ್ತು. ಖಾಸಗಿ ವೃತ್ತಿ ಕಾಲೇಜಿನ ಅರ್ಧದಷ್ಟು ಸೀಟು ‘ಫ್ರೀ’, ಉಳಿದರ್ಧ ‘ಪೇಮೆಂಟ್’. ಫ್ರೀ ಸೀಟಿನವರಿಗೆ ಸರ್ಕಾರಿ ಕಾಲೇಜಿನಷ್ಟೇ ಶುಲ್ಕ. ಆ ಕೊರತೆಯನ್ನು ಪೇಮೆಂಟ್ ಸೀಟಿನವರ ಹೆಚ್ಚಿನ ಶುಲ್ಕ ತುಂಬಬೇಕು. ಎರಡಕ್ಕೂ ಆಯ್ಕೆ ಅಂಕಗಳ ಮೇಲೆ. ಇದನ್ನು ಜಾರಿಗೆ ತರಲು ಕರ್ನಾಟಕ 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಆರಂಭಿಸಿತು. ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದವರಿಗೆ ಸೀಟುಗಳಲ್ಲಿ ಪಾಲು ದೊರೆಯಿತು. ವಿದ್ಯಾರ್ಥಿವೇತನವೆಂಬ ಹೆಸರಿಲ್ಲದಿದ್ದರೂ ಇದು ದೊಡ್ಡ ವಿದ್ಯಾರ್ಥಿವೇತನವೇ. ಅರ್ಜಿ ಹಾಕಿ ಹಣಕ್ಕೆ ಕಾಯಬೇಕಾಗಿರಲಿಲ್ಲ, ಸೀಟಿನೊಳಗೇ ನೆರವು ಸೇರಿತ್ತು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಬೆಳೆಯುತ್ತಿದ್ದ ಆ ವರ್ಷಗಳಲ್ಲಿ ಹಳ್ಳಿಗಳ ಎಷ್ಟೋ ಮನೆಗಳಿಗೆ ಮೊದಲ ಎಂಜಿನಿಯರನ್ನು ಕೊಟ್ಟದ್ದು ಈ ಫ್ರೀ ಸೀಟು.

2002ರ ಅಕ್ಟೋಬರ್ 31ರಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಈ ಪದ್ಧತಿಯನ್ನು ತಳ್ಳಿಹಾಕಿತು. ಒಬ್ಬ ವಿದ್ಯಾರ್ಥಿಯ ಖರ್ಚನ್ನು ಇನ್ನೊಬ್ಬ ವಿದ್ಯಾರ್ಥಿಯ ಮೇಲೆ ಹೇರುವುದು ನ್ಯಾಯವಲ್ಲ ಎಂಬುದು ಅದರ ಸಾರ. ಬಡವರಿಗೆ ಬೇಕಿದ್ದರೆ ವಿದ್ಯಾರ್ಥಿವೇತನ ಕೊಡಲಿ ಎಂದಾಯಿತು. ತರ್ಕ ಸರಿಯಿರಬಹುದು. ಆದರೆ ಅಂದಿನಿಂದ ಭಾರವೆಲ್ಲ ವಿದ್ಯಾರ್ಥಿವೇತನದ ಮೇಲೆ ಬಿತ್ತು. ಸರ್ಕಾರಿ ಕೋಟಾದಲ್ಲಿ ಸಿಕ್ಕಿದರೂ ಖಾಸಗಿ ಕಾಲೇಜಿನ ಎಂಜಿನಿಯರಿಂಗ್ ಸೀಟಿನ ವಾರ್ಷಿಕ ಶುಲ್ಕ ಈಗ ಮುಕ್ಕಾಲು ಲಕ್ಷದಿಂದ ಒಂದು ಲಕ್ಷ ದಾಟುವವರೆಗೆ ಇದೆ.

ಈಗಿನ ಲೆಕ್ಕ

ಇಂದು ಇರುವ ನೆರವುಗಳನ್ನು ಮೂರು ಬಗೆಯಾಗಿ ನೋಡಬಹುದು. ಮೊದಲನೆಯದು ಶುಲ್ಕವನ್ನೇ ಮನ್ನಾ ಮಾಡುವುದು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ನಿಯಮದಂತೆ ಮಂಜೂರಾದ ಸೀಟುಗಳಿಗೆ ಹೆಚ್ಚುವರಿಯಾಗಿ ಶೇ 5ರವರೆಗೆ ಸೀಟುಗಳಲ್ಲಿ ಬೋಧನಾ ಶುಲ್ಕವಿಲ್ಲ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿರಬೇಕು. ಸಿಇಟಿ ಕೌನ್ಸೆಲಿಂಗ್‌ನಲ್ಲಿ ‘ಎಸ್‌ಎನ್‌ಕ್ಯು’ ಎಂದು ಕಾಣುವುದು ಇದೇ. ಮನ್ನಾ ಆಗುವುದು ಬೋಧನಾ ಶುಲ್ಕ ಮಾತ್ರ, ಉಳಿದ ಶುಲ್ಕ ಕಟ್ಟಲೇಬೇಕು ಎಂಬುದನ್ನು ಹಲವರು ಪ್ರವೇಶದ ದಿನವೇ ತಿಳಿಯುತ್ತಾರೆ.

ಎರಡನೆಯದು ನೇರ ಹಣ. ಅದೇ ಪರಿಷತ್ತಿನ ‘ಪ್ರಗತಿ’ ಯೋಜನೆಯಲ್ಲಿ ಆಯ್ಕೆಯಾದ ಹೆಣ್ಣುಮಕ್ಕಳಿಗೆ, ‘ಸಕ್ಷಮ್’ ಯೋಜನೆಯಲ್ಲಿ ಅಂಗವಿಕಲ ವಿದ್ಯಾರ್ಥಿಗಳಿಗೆ ವರ್ಷಕ್ಕೆ 50,000 ರೂಪಾಯಿ ಸಿಗುತ್ತದೆ. ಡಿಪ್ಲೊಮಾ ಓದುವವರಿಗೂ ಇದು ಉಂಟು. ಗೇಟ್ ಪರೀಕ್ಷೆಯಲ್ಲಿ ಅರ್ಹರಾಗಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಎರಡೂವರೆ ಲಕ್ಷ ರೂಪಾಯಿ ಆದಾಯದೊಳಗಿನ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗೆ ಶುಲ್ಕದ ಜೊತೆಗೆ ನಿರ್ವಹಣಾ ಭತ್ಯೆಯೂ ಇದೆ. 2021ರಲ್ಲಿ ಪರಿಷ್ಕರಿಸಿದ ದರದಂತೆ ಎಂಜಿನಿಯರಿಂಗ್‌ನಂಥ ಪದವಿ ಓದುವವರು ಹಾಸ್ಟೆಲಿನಲ್ಲಿದ್ದರೆ ವರ್ಷಕ್ಕೆ 13,500 ರೂಪಾಯಿ, ಇಲ್ಲವಾದರೆ 7,000 ರೂಪಾಯಿ. ತಿಂಗಳ ಲೆಕ್ಕಕ್ಕೆ ಇಳಿಸಿದರೆ ಮೊದಲಿನದು 1,125, ಎರಡನೆಯದು 600ಕ್ಕೂ ಕಡಿಮೆ. ಎಲೆಕ್ಟ್ರಾನಿಕ್ ಸಿಟಿಯಲ್ಲಾಗಲಿ ವೈಟ್‌ಫೀಲ್ಡಿನಲ್ಲಾಗಲಿ ನಾಲ್ವರು ಹಂಚಿಕೊಳ್ಳುವ ಪಿಜಿ ಕೋಣೆಯ ಒಂದು ಮಂಚವೂ ಈ ಹಣಕ್ಕೆ ಸಿಗದು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗಾಗಿ ಕರ್ನಾಟಕ 2013ರಲ್ಲಿ ತಂದ ‘ವಿದ್ಯಾಸಿರಿ’ ಯೋಜನೆ ಊಟ ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡಲು ಹೊರಟದ್ದು ಈ ಕೊರತೆಯನ್ನು ಅರಿತೇ. ಹಳೆಯ ವಾರಾನ್ನದ ಸಮಸ್ಯೆ, ಅಂದರೆ ಓದುವವನು ಎಲ್ಲಿ ಉಣ್ಣಬೇಕು ಎಂಬುದು, ಇನ್ನೂ ಮುಗಿದಿಲ್ಲ.

ಮೂರನೆಯದು ದುಡಿಯುತ್ತ ಕಲಿಯುವುದು. ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ಡಿಪ್ಲೊಮಾ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. 1961ರ ಅಪ್ರೆಂಟಿಸ್ ಕಾಯ್ದೆಯನ್ನು 1973ರಲ್ಲಿ ಪದವೀಧರ ಮತ್ತು ಡಿಪ್ಲೊಮಾ ಎಂಜಿನಿಯರುಗಳಿಗೂ ವಿಸ್ತರಿಸಲಾಯಿತು. 2019ರ ನಿಯಮ ಪದವೀಧರರಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಮಾಸಿಕ ಸ್ಟೈಪೆಂಡ್ ಎಂದು ನಿಗದಿ ಮಾಡಿತು. ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಆದರೆ ಈ ಹಣ ಸಿಗುವುದು ಓದು ಮುಗಿದ ಮೇಲೆ. ಓದುವಾಗ ಮಾಡಿದ ಕೈಸಾಲ ತೀರಿಸಲು ಅದು ನೆರವಾದೀತು.

ಕಂಪನಿಯ ಕೈ

2014ರ ಏಪ್ರಿಲ್‌ನಿಂದ ಈ ಚಿತ್ರದಲ್ಲಿ ಕಂಪನಿಗಳ ಪಾತ್ರ ದೊಡ್ಡದಾಯಿತು. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ ನಿಗದಿತ ಮಟ್ಟ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಶಿಕ್ಷಣ ಅದರಲ್ಲಿ ಮುಖ್ಯವಾದ ಬಾಬು. ಇನ್ಫೊಸಿಸ್ ಫೌಂಡೇಶನ್ 2023ರಲ್ಲಿ ಆರಂಭಿಸಿದ ‘ಸ್ಟೆಮ್ ಸ್ಟಾರ್ಸ್’ ಯೋಜನೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ನಾಲ್ಕು ವರ್ಷ ಕೊಡುತ್ತದೆ. ಶುಲ್ಕ ಮಾತ್ರವಲ್ಲದೆ ಜೀವನದ ಖರ್ಚು, ಪುಸ್ತಕಗಳಿಗೂ ಅದು ಸಲ್ಲುತ್ತದೆ. ಸರ್ಜಾಪುರ ರಸ್ತೆಯ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರಿ ಶಾಲೆ, ಕಾಲೇಜುಗಳಲ್ಲಿ ಓದಿ ಪದವಿಗೋ ಡಿಪ್ಲೊಮಾಕ್ಕೋ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ ನೀಡುವ ಯೋಜನೆಯನ್ನು 2025ರಲ್ಲಿ ಹಲವು ರಾಜ್ಯಗಳಿಗೆ ವಿಸ್ತರಿಸಿತು.

ಇದಕ್ಕೂ ಮೊದಲೇ, 1995ರಲ್ಲಿ, ವಿಪ್ರೊ ಸಂಸ್ಥೆ ಬಿಟ್ಸ್ ಪಿಲಾನಿಯೊಂದಿಗೆ ಸೇರಿ ಇನ್ನೊಂದು ದಾರಿ ತೆರೆದಿತ್ತು. ಬಿ.ಎಸ್‌ಸಿ. ಓದಿದವರನ್ನು ಕೆಲಸಕ್ಕೆ ತೆಗೆದುಕೊಂಡು, ಸ್ಟೈಪೆಂಡ್ ಕೊಟ್ಟು, ಸ್ನಾತಕೋತ್ತರ ಪದವಿಯ ಶುಲ್ಕವನ್ನೂ ಸಂಸ್ಥೆಯೇ ಕಟ್ಟಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಕಲಿಸುವ ಪದ್ಧತಿ ಅದು. ಎಂಜಿನಿಯರಿಂಗ್ ಸೀಟು ಕೊಳ್ಳಲಾಗದ ಅನೇಕರಿಗೆ ಇದು ವರವಾಯಿತು. ಬದಲಿಗೆ ನಿಗದಿತ ಕಾಲ ಅಲ್ಲೇ ದುಡಿಯುವ ಕರಾರು. ಬರೋಡದ ಒಪ್ಪಂದ ಹೊಸ ಉಡುಪಿನಲ್ಲಿ ಮರಳಿ ಬಂದಂತೆ.

ಕೊಡುವ ಕಂಪನಿಗಳ ಹಿಂದೆಯೂ ಕಥೆಗಳಿವೆ. ಎನ್.ಆರ್. ನಾರಾಯಣಮೂರ್ತಿಯವರು ಐಐಟಿ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಸ್ಥಾನ ಪಡೆದರೂ ಶಾಲಾ ಶಿಕ್ಷಕರಾಗಿದ್ದ ತಂದೆಗೆ ಆ ಖರ್ಚು ಹೊರಲಾಗದೆ ಮೈಸೂರಿನ ಎನ್‌ಐಇ ಕಾಲೇಜಿಗೆ ಸೇರಿದ್ದು ಎಲ್ಲರಿಗೂ ತಿಳಿದ ಸಂಗತಿ. ಕಾನ್ಪುರದ ಐಐಟಿ ಅವರಿಗೆ ಸಿಕ್ಕಿದ್ದು ಎಂ.ಟೆಕ್. ಹೊತ್ತಿಗೆ, 1969ಕ್ಕೆ. ಅವರಿಗೆ ಕೊನೆಗೂ ದಾರಿ ಸಿಕ್ಕಿತು. ಅದೇ ಕಾರಣಕ್ಕೆ ಓದು ನಿಲ್ಲಿಸಿದವರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಖಾಸಗಿ ನೆರವಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಉದಾರವಾಗಿರುತ್ತದೆ, ಹಲವು ಬಾರಿ ಬೇಗ ತಲುಪುತ್ತದೆ. ಆದರೆ ಯಾವ ಓದಿಗೆ, ಎಷ್ಟು ಜನಕ್ಕೆ, ಎಷ್ಟು ವರ್ಷ ಎಂಬುದನ್ನು ಕೊಡುವವರೇ ನಿರ್ಧರಿಸುತ್ತಾರೆ. ಸರ್ಕಾರದ ಮೆಟ್ರಿಕ್ ನಂತರದ ವೇತನದಂತೆ ಅರ್ಹರೆಲ್ಲರೂ ಕೇಳಿ ಪಡೆಯುವಂಥದ್ದಲ್ಲ ಅದು. ಒಂದು ಇನ್ನೊಂದರ ಜಾಗ ತುಂಬಲಾರದು.

ವೇತನವೆಂಬ ಮಾತು

ಈ ನೆರವಿಗೆ ಹಿಂದಿಯಲ್ಲಿ ಛಾತ್ರವೃತ್ತಿ ಎನ್ನುತ್ತಾರೆ, ಮರಾಠಿಯಲ್ಲಿ ಶಿಷ್ಯವೃತ್ತಿ. ವೃತ್ತಿಯೆಂದರೆ ಜೀವನೋಪಾಯ. ಕನ್ನಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ವಿದ್ಯಾರ್ಥಿವೇತನ ಎಂದಿತು. ಕೆಲಸ ಮಾಡಿದವರಿಗೆ ಕೊಡುವುದು ವೇತನ. ಓದುವುದೂ ಒಂದು ಕೆಲಸ, ಆ ಕೆಲಸದಿಂದ ನಾಡಿಗೆ ಲಾಭವುಂಟು, ಆದ್ದರಿಂದ ಓದುವವನಿಗೆ ಕೂಲಿ ಸಲ್ಲಬೇಕು ಎಂಬ ಅರ್ಥ ಆ ಮಾತಿನೊಳಗೇ ಅಡಗಿದೆ.

ವೇತನಕ್ಕೆ ಒಂದು ಧರ್ಮವಿದೆ. ಅದು ತಿಂಗಳಿಗೆ ಸರಿಯಾಗಿ ಬರಬೇಕು. ಇಲ್ಲಿಯೇ ನಮ್ಮ ವ್ಯವಸ್ಥೆ ಎಡವುತ್ತದೆ. ನಾಡಕಚೇರಿಯ ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಆಧಾರ್‌ಗೆ ಜೋಡಿಸಿದ ಬ್ಯಾಂಕ್ ಖಾತೆ, ಕಾಲೇಜಿನ ದೃಢೀಕರಣ, ಇಲಾಖೆಯ ಮಂಜೂರಾತಿ ಎಂದು ಅರ್ಜಿ ಮೆಟ್ಟಿಲು ಹತ್ತುತ್ತದೆ. ಎಲ್ಲೋ ಹೆಸರಿನ ಒಂದಕ್ಷರ ತಾಳೆಯಾಗದಿದ್ದರೆ ಅಲ್ಲೇ ನಿಲ್ಲುತ್ತದೆ. ಕಾಲೇಜು ಶುಲ್ಕ ಕೇಳುವುದು ವರ್ಷದ ಮೊದಲಲ್ಲಿ, ಸರ್ಕಾರದ ಹಣ ಬರುವುದು ವರ್ಷದ ಕೊನೆಗೋ ಅದರಾಚೆಗೋ. ನಡುವಿನ ತಿಂಗಳುಗಳನ್ನು ತುಂಬುವುದು ತಾಯಿಯ ಒಡವೆ, ಅಣ್ಣನ ದುಡಿಮೆ, ಬಡ್ಡಿಯ ಸಾಲ. ಅದೂ ಇಲ್ಲದವರು ಕಾಲೇಜು ಬಿಡುತ್ತಾರೆ. ಮುಂಗಡ ಶುಲ್ಕ ಕೇಳದೆ ಪ್ರವೇಶ ಕೊಡಲೆಂದು ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ‘ಫ್ರೀಶಿಪ್ ಕಾರ್ಡ್’ ಕೊಡುವ ನಿಯಮ ಇತ್ತೀಚೆಗೆ ಬಂದಿದೆ. ಅದು ಎಲ್ಲ ಕಾಲೇಜುಗಳ ಬಾಗಿಲಲ್ಲೂ ನಡೆಯುವ ನಾಣ್ಯವಾದರೆ ಅರ್ಧ ಕಷ್ಟ ಕಳೆದೀತು.

ಸಾವಿರ ವರ್ಷಗಳ ಹಿಂದಿನ ಸಾಲೋಟಗಿಯವರು ವಿದ್ಯಾರ್ಥಿಗಳ ಮನೆಗಳನ್ನು ಲೆಕ್ಕ ಹಾಕಿದ್ದರು, ರಾತ್ರಿಯ ದೀಪಕ್ಕೆ ಬೇರೆ ಭೂಮಿ ಬಿಟ್ಟಿದ್ದರು. ಓದುವವನಿಗೆ ಏನೇನು ಬೇಕೆಂದು ಕೂತು ಯೋಚಿಸಿದವರ ಕೆಲಸ ಅದು. ಅವರು ಬಾಗಿಲನ್ನು ಕೆಲವರಿಗೆ ಮಾತ್ರ ತೆರೆದರು. ಇಂದು ಬಾಗಿಲು ಕಾನೂನಿನ ಪ್ರಕಾರ ಎಲ್ಲರಿಗೂ ತೆರೆದಿದೆ. ಒಳಗೆ ಬಂದವರ ಕೋಣೆ, ಊಟ, ದೀಪಗಳ ಲೆಕ್ಕವನ್ನು ಅಷ್ಟೇ ಶ್ರದ್ಧೆಯಿಂದ ಹಾಕುವುದು ಬಾಕಿ ಇದೆ. ಕೋನಪ್ಪನ ಅಗ್ರಹಾರದ ನಿಲ್ದಾಣದಲ್ಲಿ ಬೆಳಿಗ್ಗೆ ಇಳಿಯುವ ಜನರಲ್ಲಿ ಯಾರದೋ ವಿದ್ಯಾರ್ಥಿವೇತನದಿಂದ ಓದಿ ಬಂದವರು ಖಂಡಿತ ಇದ್ದಾರೆ. ಅದೇ ಹೊತ್ತಿಗೆ ರಾಜ್ಯದ ಯಾವುದೋ ಊರಿನ ಸೈಬರ್ ಕೇಂದ್ರದಲ್ಲಿ ತನ್ನ ಅರ್ಜಿ ಎಲ್ಲಿಗೆ ಬಂತೆಂದು ನೋಡಲು ಒಬ್ಬ ಹುಡುಗಿ ಸರದಿಯಲ್ಲಿ ನಿಂತಿರುತ್ತಾಳೆ.